ಅರಗು ಮೆತ್ತಿದ ರೇಡಿಯೋ

ನಲ್ಲಿಯ ಕೆಳಗಿಟ್ಟ ಬಿಂದಿಗೆ ತುಂಬಿ ಹೊರಗೆ ಚೆಲ್ಲುತ್ತಿದ್ದರೂ ಜುಂಜಮ್ಮನಿಗೆ ಅದರ ಗ್ಯಾನವಿರಲಿಲ್ಲ. ಮೈದುನನ ಸೊಸೆ ಸ್ನೇಹಲತಾ ಆಗಷ್ಟೇ ಆಡಿದ ಮಾತು ಕಿವಿಯೊಳಗೆ ಹೊಕ್ಕು ಕುಳಿತಿತ್ತು, ಎದ್ದು ಹೋಗಲೊಲ್ಲದು.

"ನಿಮಗೆ ಗೊತ್ತೇ ಇಲ್ವಾ ದೊಡ್ಡತ್ತೆ? ಹದಿನೈದು ದಿನದಿಂದ ಬಡ್ಕೊಂತಾನೇ ಅವ್ರೆ. ನಮ್ಮ ಹಟ್ಟಿದನಿ ರೇಡಿಯೋ ಇವತ್ತು ಮಧ್ಯಾಹ್ನದಿಂದ ನಂಬರ್ ಬದಲಾಯಿಸ್ಕೊಂತದೆ. ತೊಂಬತ್ತು ಪಾಯಿಂಟ್ ನಾಲ್ಕರಲ್ಲಿ ಇನ್ಮೇಲೆ ಬರೀ ಗೊರ್ರ್ ಅನ್ನೋದೇ. ಮುಳ್ಳನ್ನ ಆ ತುದಿಗಂಟ ತಿರುಗಿಸ್ಬೇಕು, ನೂರಾ ಏಳು ಪಾಯಿಂಟ್ ಎಂಟಕ್ಕೆ."

"ಯಾಕಂತೆ?"

"ಯಾವುದೋ ದೊಡ್ಡ ಸ್ಟೇಷನ್ ಬಂದು ಇವರ ನಂಬರಿನ ಮೇಲೇ ಕುಂತ್ಕಂಡದಂತೆ. ಎರಡೂ ಕಲಸ್ಕಂಡು ಬತ್ತಾವಂತೆ. ದಿಲ್ಲಿಯೋರು, ನೀವೇ ಸರ್ಕಳ್ಳಿ ಅಂದ್ರಂತೆ. ಸಣ್ಣೋರು ತಾನೆ ಸರೀಬೇಕು... ಅಯ್ಯೋ ದೊಡ್ಡತ್ತೆ, ನೀರು!"

ಜುಂಜಮ್ಮ ನಲ್ಲಿ ನಿಲ್ಲಿಸಿದಳು. ಬಿಂದಿಗೆಯನ್ನು ಅಲ್ಲೇ ಬಿಟ್ಟು ರಸ್ತೆಯ ಕಡೆ ಹೊರಟಳು.

ಅವಳ ಮನೆಯಲ್ಲಿ ಇದ್ದದ್ದು ಒಂದೇ ರೇಡಿಯೋ. ಅದು ಈಗ ಬುಕ್ಕಾಪಟ್ಟಣದ ಆಚೆ, ಕುರುಚಲು ಕಾಡಿನ ಅಂಚಿನಲ್ಲಿ, ಗಂಡ ದಾಸಣ್ಣನ ಹೆಗಲ ಚೀಲದಲ್ಲಿತ್ತು. ದಾಸಣ್ಣ ಕುರಿ ಹೊಡೆದುಕೊಂಡು ಹೋಗಿ ನಾಲ್ಕು ದಿನ. ಅಲ್ಲಿ ದಿಬ್ಬದ ಮೇಲೆ ಮುಳ್ಳುಬೇಲಿಯ ರೊಪ್ಪವೊಂದಿದೆ. ಹಗಲು ಮೇಯಿಸಿ ಸಂಜೆ ಕುರಿಗಳನ್ನು ಅದರೊಳಗೆ ಕೂಡಿ ಪಕ್ಕದಲ್ಲೇ ಮಲಗುತ್ತಾನೆ. ಮೊಬೈಲಿಗೆ ಅಲ್ಲಿ ಸಿಗ್ನಲ್ಲಿಲ್ಲ, ಇದ್ದರೂ ಅವನ ಹತ್ತಿರ ಮೊಬೈಲಿಲ್ಲ.

ರೇಡಿಯೋ ನಿಂತರೆ ಏನಾಯಿತು, ಒಂದು ದಿನ ಸುದ್ದಿ ಕೇಳದಿದ್ದರೆ ಯಾರೂ ಸಾಯುವುದಿಲ್ಲ ಎಂದು ಬೇರೆಯವರು ಅನ್ನಬಹುದು. ದಾಸಣ್ಣನಿಗೆ ಸುದ್ದಿ ಬೇಕಾಗಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಐದೂವರೆಗೆ ಸಂಜೆಯ ಕಾರ್ಯಕ್ರಮ ಶುರುವಾಗುವಾಗ ಬರುವ ರಾಗ. ಆ ರಾಗ ಅವನದೇ. ಸ್ಟೇಷನ್ ಹುಟ್ಟಿದ ವರ್ಷ ಅದರವರು ಹಟ್ಟಿಗೆ ಬಂದು, ಇವನು ಕುರಿ ಕರೆಯಲು ಊದುತ್ತಿದ್ದ ಗಣೆಯ ದನಿಯನ್ನು ರೆಕಾರ್ಡ್ ಮಾಡಿಕೊಂಡು ಹೋಗಿದ್ದರು. ಮಾರುದ್ದದ ಬಿದಿರ ಕೊಳಲು ಅದು; ಅದರ ದನಿ ಎದ್ದರೆ ಎಲ್ಲೆಲ್ಲೋ ಚದುರಿದ ಕುರಿಗಳು ಮೇವು ಬಿಟ್ಟು ಬರುತ್ತಿದ್ದವು. ಆಮೇಲೆ ಅವನ ಮುಂದಿನ ಹಲ್ಲು ಹೋದವು, ಉಸಿರೂ ಸಾಲದಾಯಿತು. ಗಣೆ ಅಟ್ಟ ಸೇರಿತು. ಒಂದು ಸಂಜೆ ಸುಮ್ಮನೆ ರೇಡಿಯೋ ಹಾಕಿಕೊಂಡು ಕುಳಿತಿದ್ದಾಗ ಆ ರಾಗ ಬಂತು, ಕುರಿಗಳೂ ಬಂದವು. ಅಂದಿನಿಂದ ಅದೇ ರೂಢಿ. ರಾಗ ಬರುವ ಹೊತ್ತಿಗೆ ರೇಡಿಯೋದ ಕಿವಿ ತಿರುಪಿ ದನಿ ಜೋರು ಮಾಡುವುದು, ಕುರಿ ಬಂದ ಮೇಲೆ ಸೆಲ್ಲು ಸವೆಯುತ್ತದೆಂದು ಆರಿಸುವುದು. ಹದಿನೈದು ದಿನ ಬಡಿದುಕೊಂಡ ಸುದ್ದಿ ಅವನ ಕಿವಿಗೆ ಬೀಳುವುದಾದರೂ ಹೇಗೆ?

ಇಷ್ಟೇ ಆಗಿದ್ದರೂ ಜುಂಜಮ್ಮ ಹೆದರುತ್ತಿರಲಿಲ್ಲ. ಹೆದರಿಕೆ ಇದ್ದದ್ದು ಬೇರೆಯದಕ್ಕೆ. ದಾಸಣ್ಣನಿಗೆ ಕಣ್ಣಿನಲ್ಲಿ ಪೊರೆ ಬಂದಿತ್ತು. ಹೊತ್ತು ಇಳಿದರೆ ಏನೂ ಕಾಣುತ್ತಿರಲಿಲ್ಲ. ಅದು ಗೊತ್ತಿದ್ದದ್ದು ಅವಳೊಬ್ಬಳಿಗೆ. ಅವನು ಕಾಯುತ್ತಿದ್ದದ್ದು ಬರೀ ಮನೆಯ ಕುರಿಯಲ್ಲ, ಹಟ್ಟಿಯವರು ದೇವರ ಹೆಸರಿಗೆ ಬಿಟ್ಟ ಕುರಿಗಳೂ ಅದರಲ್ಲಿದ್ದವು. ದೇವರ ಕುರಿ ಕಾಯುವವನಿಗೆ ಕಣ್ಣು ಕಿವಿ ನೆಟ್ಟಗಿರಬೇಕು. ಇಲ್ಲವೆಂದ ದಿನ ಕೋಲು ತಂದು ಗುಡಿಯ ಮುಂದೆ ಇಟ್ಟುಬಿಡಬೇಕು. ಅದನ್ನು ಎತ್ತಿಕೊಳ್ಳುವ ಸರದಿ ದಾಸಣ್ಣನ ತಮ್ಮನ ಮಗ, ಸ್ನೇಹಲತಾಳ ಗಂಡ ಜಯರಾಮುವಿನದು. "ಕೋಲು ಇಟ್ಟ ದಿನ ನಾನು ಹೆಣ ಕಣೇ, ಯಾರ್ಗೂ ಬಾಯಿ ಬುಡಬ್ಯಾಡ" ಎಂದು ದಾಸಣ್ಣ ಅವಳಿಂದ ಭಾಷೆ ತೆಗೆದುಕೊಂಡಿದ್ದ.

ರಾಗ ಬಾರದಿದ್ದರೆ ಕುರಿ ಬರುವುದಿಲ್ಲ. ಕುರಿ ಬಾರದಿದ್ದರೆ ಅವನು ಹುಡುಕಲು ಹೊರಡುತ್ತಾನೆ; ಅದೂ ಕತ್ತಲಾಗುವ ಹೊತ್ತಿಗೆ. ರೊಪ್ಪದ ಆಚೆ ಯಾವ ಕಾಲದಲ್ಲೋ ಬಿಟ್ಟುಹೋದ ಕಲ್ಲುಕ್ವಾರಿ ಬಾಯಿ ತೆರೆದುಕೊಂಡು ಬಿದ್ದಿದೆ. ಸುತ್ತ ತಂತಿಯಿಲ್ಲ, ಕಲ್ಲಿಲ್ಲ, ಕೆಳಗೆ ಹಸಿರು ನೀರು.

ಇನ್ನೊಂದು ವಿಷಯವೂ ಇತ್ತು. ಅವನು ಮುಳ್ಳು ತಿರುಗಿಸಿ ಹುಡುಕಲಿ ಎನ್ನೋಣವೆಂದರೆ ಆ ತಿರುಪಿಗೆ ಅರಗು ಹಾಕಿ ಕೂರಿಸಿದವಳು ಇವಳೇ. ಚೀಲದಲ್ಲಿ ಉಜ್ಜಿ ಉಜ್ಜಿ ಮುಳ್ಳು ಜರುಗುತ್ತಿತ್ತು. ಅವನಿಗೆ ಅದು ಕಾಣದು. ಕುಡುಗೋಲಿಗೆ ಹಿಡಿ ಕೂರಿಸುವ ಅರಗನ್ನು ಕರಗಿಸಿ, ಗೌಡಗೆರೆ ಕಡೆಯ ತನ್ನ ತವರಿನಲ್ಲಿ ಅಪ್ಪ ಮಾಡುತ್ತಿದ್ದ ಹಾಗೆ ಅಚ್ಚುಕಟ್ಟಾಗಿ ಮೆತ್ತಿದ್ದಳು. "ಇನ್ನು ಆ ಬ್ರಹ್ಮ ಬಂದ್ರೂ ತಿರುಗಾಕಿಲ್ಲ" ಎಂದು ನಕ್ಕಿದ್ದಳು.

ರಸ್ತೆಯಲ್ಲಿ ಕಾದು ಕಾದು, ಕೊನೆಗೆ ಸಿಕ್ಕ ಶೇರ್ ಆಟೋದಲ್ಲಿ ಮೂರು ಜನರ ನಡುವೆ ಸಿಕ್ಕಿಕೊಂಡು ಬುಕ್ಕಾಪಟ್ಟಣ ತಲುಪಿದಾಗ ಬಿಸಿಲು ಪಡುವಣಕ್ಕೆ ವಾಲಿತ್ತು. ಹಾಲಿನ ಡೇರಿಯ ಮೇಲಿನ ಎರಡು ಕೋಣೆಯೇ ಸ್ಟೇಷನ್. ಅದರ ದನಿ ಸುತ್ತಲಿನ ಹಳ್ಳಿ ಹಟ್ಟಿಗಳನ್ನು ಬಿಟ್ಟು ಮುಂದಕ್ಕೆ ಹೋಗುವುದಿಲ್ಲ. ಸಿರಾ ಪೇಟೆಯವರಿಗೆ ಹೀಗೊಂದಿದೆ ಎಂದೇ ಗೊತ್ತಿಲ್ಲ. ಅವತ್ತು ಮೆಟ್ಟಿಲ ತುಂಬ ವೈರು. ಮ್ಯಾನೇಜರ್ ರೇಣುಕಪ್ರಸಾದ್ ಬೆವರು ಒರೆಸಿಕೊಳ್ಳುತ್ತ ಫೋನಿನಲ್ಲಿ ಮಾತಾಡುತ್ತಿದ್ದರು. ಕಾರ್ಯಕ್ರಮ ನಡೆಸುವ ಹುಡುಗಿ ಭುವನಾ ಜುಂಜಮ್ಮನನ್ನು ಕಂಡು ಎದ್ದು ಬಂದಳು. ಹಿಂದೆ ಒಮ್ಮೆ ಜುಂಜಮ್ಮ ಅಲ್ಲಿ ಸೋಬಾನೆ ಹಾಡಿದ್ದಳು.

"ಒಂದೇ ಒಂದು ದಿನ ನಿಲ್ಸಿ ಸ್ವಾಮಿ. ಇವತ್ತು ಸಂಜೆ ಹಳೇ ನಂಬರಲ್ಲೇ ಬರ್ಲಿ" ಎಂದಳು ಜುಂಜಮ್ಮ, ರೇಣುಕಪ್ರಸಾದರ ಕಡೆ ಕೈ ಮುಗಿದು.

"ಆಗಲೇ ನಿಲ್ಸಾಯ್ತಲ್ಲಮ್ಮ. ಹನ್ನೆರಡು ಗಂಟೆಗೆ ಹಳೇದು ಮುಚ್ಚಿದ್ವಿ. ಮತ್ತೆ ತೆಗೆದರೆ ನಮ್ಮ ಲೈಸೆನ್ಸೇ ಹೋಗುತ್ತೆ. ಇಷ್ಟಕ್ಕೂ ಯಾಕೆ?"

ಕಣ್ಣಿನ ಮಾತು ಆಡುವ ಹಾಗಿರಲಿಲ್ಲ. ಭಾಷೆ ಕೊಟ್ಟಿದ್ದಳು. "ನಮ್ಮ ಕುರಿಗೋಳು ಆ ರಾಗ ಕೇಳಿದ್ರೇನೇ ರೊಪ್ಪಕ್ಕೆ ಬರೋದು" ಎಂದಳು.

ವೈರು ಸುತ್ತುತ್ತಿದ್ದ ಇಬ್ಬರು ಗೊಳ್ಳನೆ ನಕ್ಕರು. "ಸಾರ್, ನಮ್ಮ ಕೇಳುಗರ ಲೆಕ್ಕ ಕೇಳ್ತಿದ್ರಲ್ಲ, ಕುರೀನೂ ಸೇರಿಸ್ಕೊಳ್ಳಿ!"

ರೇಣುಕಪ್ರಸಾದರೂ ನಕ್ಕರು, ಆದರೆ ಕೆಟ್ಟದಾಗಿ ಅಲ್ಲ. "ಆ ರಾಗಾನೂ ಇನ್ನಿಲ್ಲಮ್ಮ. ಅದರ ಕೊನೇಲಿ ಮಕ್ಕಳು ಹಳೇ ನಂಬರ್ ಹಾಡ್ತವೆ. ಅದನ್ನ ಹಾಕಿದರೆ ಜನ ಹಳೇ ಜಾಗದಲ್ಲೇ ಹುಡುಕ್ತಾರೆ. ತುಮಕೂರಲ್ಲಿ ಹೊಸದು ಮಾಡಿಸಿದೀವಿ, ಕೀಬೋರ್ಡಲ್ಲಿ. ಚೆನ್ನಾಗಿದೆ."

ನಂಬರ್ ಹೋದದ್ದು ಒಂದು, ರಾಗವೇ ಹೋದದ್ದು ಇನ್ನೊಂದು. ಜುಂಜಮ್ಮ ಗೋಡೆ ಹಿಡಿದು ಕುಳಿತುಬಿಟ್ಟಳು. ಭುವನಾ ನೀರು ತಂದುಕೊಟ್ಟು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತಳು.

"ಅಜ್ಜಿ, ರಾಗ ಬರದಿದ್ರೆ ತಾತನೇ ಹೋಗಿ ಹೊಡ್ಕೊಂಡು ಬರಬಹುದಲ್ವಾ?"

"ಕತ್ಲಾಗ್ತದೆ ಮಗಾ" ಎಂದಷ್ಟೇ ಹೇಳಿ ಜುಂಜಮ್ಮ ಲೋಟವನ್ನು ನೆಲಕ್ಕಿಟ್ಟಳು. ಅಷ್ಟರಿಂದಲೇ ಏನೋ ಊಹಿಸಿ ಭುವನಾ ಎದ್ದಳು. ಒಳಗೆ ಹೋಗಿ ಅಂಗೈಯಗಲದ ಒಂದು ರೇಡಿಯೋ ತಂದಳು.

"ಇದರಲ್ಲಿ ಹೊಸ ನಂಬರ್ ಇಟ್ಟಿದೀನಿ. ತಗೊಂಡು ಹೋಗಿ. ಐದೂವರೆಗೆ ಹಾಕಿ."

"ಹಳೇ ರಾಗ ಬತ್ತದಾ ಮಗಾ?"

ಭುವನಾ ರೇಣುಕಪ್ರಸಾದರ ಬೆನ್ನ ಕಡೆ ಒಮ್ಮೆ ನೋಡಿದಳು. "ಬರುತ್ತೆ ಅಂತ ಮಾತು ಕೊಡಕ್ಕಾಗಲ್ಲ ಅಜ್ಜಿ. ಹೊಸ ನಂಬರು ಆ ದಿಬ್ಬದ ಕಡೆ ಮುಟ್ಟುತ್ತೋ ಇಲ್ವೋ, ಅದೂ ಇನ್ನೂ ಗೊತ್ತಿಲ್ಲ. ಆದ್ರೂ ಹಾಕಿ."

ಕಾರ್ತಿಕ ಮಾಸ; ಹೊತ್ತು ಕಣ್ಣೆದುರೇ ಜಾರುತ್ತದೆ. ನಡೆದು ಹೋದರೆ ರೊಪ್ಪ ಮುಟ್ಟುವಷ್ಟರಲ್ಲಿ ಕಗ್ಗತ್ತಲು. ಬಸ್‌ಸ್ಟ್ಯಾಂಡಿನ ಹತ್ತಿರ ಯಾರ ಗಾಡಿ ಸಿಕ್ಕೀತೆಂದು ನೋಡುತ್ತಿರುವಾಗ ಬೈಕೊಂದು ಪಕ್ಕದಲ್ಲೇ ಬಂದು ನಿಂತಿತು. ಜಯರಾಮು. ಯಾರು ಬೇಡವೆಂದಿದ್ದಳೋ ಅವನೇ.

"ಏನ್ ದೊಡ್ಡವ್ವ, ಬಿಂದಿಗೆ ನಲ್ಲಿ ಹತ್ರ ಬಿಟ್ಟು ಓಡ್ಬಂದ್ಯಂತೆ? ಸ್ನೇಹಲತಾ ಹೇಳಿದ್ಲು."

"ನಿಮ್ಮ ದೊಡ್ಡಪ್ಪಂಗೆ ಬುತ್ತಿ ಕೊಡಬೇಕಿತ್ತು."

"ಬುತ್ತಿ ಎಲ್ಲಿ?"

ಜುಂಜಮ್ಮನ ಕೈಯಲ್ಲಿ ರೇಡಿಯೋ ಬಿಟ್ಟು ಬೇರೆ ಏನೂ ಇರಲಿಲ್ಲ. ಅವನು ಅದನ್ನು ನೋಡಿದ, ಅವಳ ಮುಖ ನೋಡಿದ. "ಹತ್ತು" ಎಂದ.

ಹತ್ತದೆ ಗತಿಯಿರಲಿಲ್ಲ. ದಾರಿಯಲ್ಲಿ ಗಾಳಿಗೆ ಸೆರಗು ಹಿಡಿದುಕೊಂಡು ಅವಳು ಯೋಚಿಸಿದ್ದು ಒಂದೇ: ಇವನನ್ನು ಎಲ್ಲಿಂದ ವಾಪಸು ಕಳಿಸುವುದು? ಹೇಳಿಬಿಡಲೇ? ಹೇಳಿದರೆ ನಾಳೆ ಬೆಳಗ್ಗೆಗೆ ಕೋಲು ಗುಡಿಯ ಮುಂದೆ. ಹೇಳದಿದ್ದರೆ... ಅದರ ಮುಂದಕ್ಕೆ ಅವಳ ಯೋಚನೆ ಹೋಗುತ್ತಿರಲಿಲ್ಲ, ಕ್ವಾರಿಯ ಅಂಚಿಗೆ ಹೋಗಿ ನಿಂತುಬಿಡುತ್ತಿತ್ತು.

ಹೀಗೆ ಹೋಗುತ್ತಿರುವಾಗ ಒಂದು ಚಿಂಕಾರ ಜಿಂಕೆ ಪೊದೆಯಿಂದ ಚಂಗನೆ ಹಾರಿ ಅಡ್ಡ ಹೋಯಿತು. ಜಯರಾಮು ಬ್ರೇಕು ಹಾಕಿದ. ಅಷ್ಟರಲ್ಲಿ ದಿಬ್ಬದ ಬುಡ ಬಂದಿತ್ತು. ಅಲ್ಲಿಂದ ಮುಂದೆ ಕಾಲುಹಾದಿ.

"ನೀನು ಹೋಗಪ್ಪ, ನಿನ್ನ ಹೆಂಡ್ತಿ ಕಾಯ್ತಿರ್ತಾಳೆ."

"ನಾನೂ ಬತ್ತೀನಿ. ಕತ್ಲಾಗ್ತದೆ."

"ಬ್ಯಾಡ ಅಂದ್ನಲ್ಲಾ! ಗಂಡ ಹೆಂಡ್ತಿ ಮಧ್ಯೆ ನಿಂದೇನ್ಲಾ ಕಾರುಬಾರು?"

ಜಯರಾಮು ನಕ್ಕ. "ಆಯ್ತು ಬುಡವ್ವ, ಈ ವಯಸ್ನಾಗೆ ಮಧ್ಯೆ ಬಂದು ಪಾಪ ಕಟ್ಕಳ್ಳಾಕಿಲ್ಲ." ಬೈಕು ತಿರುಗಿಸಿದ. ಅವಳು ಹಿಂದೆ ನೋಡದೆ ಹತ್ತತೊಡಗಿದಳು.

ರೊಪ್ಪ ಖಾಲಿಯಿತ್ತು. ಬೇಲಿಯ ಬಾಗಿಲು ತೆಗೆದೇ ಇತ್ತು. ಕಂಬಳಿ ಮಡಿಸಿದ ಹಾಗೇ ಇತ್ತು, ಒಲೆಯ ಬೂದಿ ತಣ್ಣಗಿತ್ತು. ಪಡುವಣದಲ್ಲಿ ಸೂರ್ಯ ಜಾಲಿ ಗಿಡಗಳ ಹಿಂದಕ್ಕೆ ಇಳಿದು ಬರೀ ಕೆಂಪು ಉಳಿದಿತ್ತು.

"ಓಯ್!" ಎಂದು ಕೂಗಿದಳು. "ಓಯ್, ಇವ್ರೇ!" ಗಂಡನ ಹೆಸರು ಬಾಯಿಗೆ ಬಂದು ಅಲ್ಲೇ ನಿಂತಿತು, ಹೆಸರು ಹಿಡಿದು ಕೂಗಿ ರೂಢಿಯಿರಲಿಲ್ಲ. ಅವಳು ಉಸಿರು ಹಿಡಿದು ಕಿವಿಗೊಟ್ಟಳು. ಕಣ್ಣಿಗಿಂತ ಕಿವಿಯಲ್ಲೇ ಬಾಳಿದವಳು ಅವಳು. ಯಾವ ಗಂಟೆ ಯಾವ ಕುರಿಯದೆಂದು ಮನೆಯೊಳಗಿಂದ ಹೇಳುತ್ತಿದ್ದಳು. ಈಗ ಗಂಟೆಗಳು ದೂರದಲ್ಲಿ, ಒಂದು ಇಲ್ಲಿ ಒಂದು ಅಲ್ಲಿ, ಚೆಲ್ಲಾಪಿಲ್ಲಿ. ಮನುಷ್ಯನ ಸದ್ದು ಮಾತ್ರ ಇಲ್ಲ.

ರೇಡಿಯೋ ಹಾಕಿದಳು. ಗೊರ್ರೆಂದಿತು. ಎತ್ತರದ ಬಂಡೆ ಹತ್ತಿ ಕೈ ಮೇಲೆತ್ತಿ ಹಿಡಿದಳು. ಗೊರ್ರೆನ್ನುವುದರೊಳಗಿಂದ ಏನೋ ಮುರಿದು ಮುರಿದು ಬಂತು, ಮತ್ತೆ ನೆಟ್ಟಗಾಯಿತು. ಹೊಸ ರಾಗ. ಟಿಂಗು ಟಿಂಗೆನ್ನುವ ಕೀಬೋರ್ಡು, ಮಕ್ಕಳ ದನಿ: ನೂರಾ ಏಳು ಪಾಯಿಂಟ್ ಎಂಟು, ನೂರಾ ಏಳು ಪಾಯಿಂಟ್ ಎಂಟು! ಮಕ್ಕಳು ಚೆನ್ನಾಗಿಯೇ ಹಾಡಿದ್ದವು. ಗಂಟೆಗಳು ಮಾತ್ರ ಇದ್ದಲ್ಲೇ ಇದ್ದವು. ಒಂದು ಕುರಿಯೂ ತಲೆಯೆತ್ತಿರಲಾರದು.

ಜುಂಜಮ್ಮ ಬಂಡೆಯ ಮೇಲೆಯೇ ಸುತ್ತ ತಿರುಗಿ ನೋಡಿದಳು. ಕ್ವಾರಿಯ ಕಡೆಗೇ ಹೋಗಿ ನೋಡಿಬಿಡಲೇ ಎಂದುಕೊಂಡಳು. ಹೋದರೆ ನೋಡಬೇಕಾಗಿ ಬರುವುದನ್ನು ನೆನೆದು ಕಾಲು ಕೀಳಲಿಲ್ಲ. ಅಷ್ಟರಲ್ಲಿ ಭುವನಾಳ ದನಿ.

"ಕೇಳುಗರೇ, ಇವತ್ತಿನಿಂದ ನಮ್ಮ ವಿಳಾಸ ಹೊಸದು. ಆದರೆ ಇಷ್ಟು ವರ್ಷ ನಮ್ಮ ಬಾಗಿಲು ತೆಗೆದ ಹಳೆಯ ರಾಗವನ್ನು ಒಂದು ಮಾತೂ ಹೇಳದೆ ಕಳಿಸೋದು ಹೆಂಗೆ? ಅದಕ್ಕೊಂದು ಬೀಳ್ಕೊಡುಗೆ. ಪೂರ್ತಿ ಕೇಳಿ. ನಂಬರ್ ಮಾತ್ರ ಮರೆತುಬಿಡಿ."

ಗಣೆ ಎದ್ದಿತು.

ಹಲ್ಲಿದ್ದ ಕಾಲದ, ಉಸಿರಿದ್ದ ಕಾಲದ ದಾಸಣ್ಣ. ಮೊದಲು ನೆಲಕ್ಕೆ ಹತ್ತಿದಂತೆ ಸಣ್ಣಗೆ, ಆಮೇಲೆ ಒಮ್ಮೆಗೇ ಎತ್ತರಕ್ಕೆ. ಜುಂಜಮ್ಮ ರೇಡಿಯೋದ ಕಿವಿ ತಿರುಪಿ ಆದಷ್ಟು ಜೋರು ಮಾಡಿ ಎರಡೂ ಕೈಯಲ್ಲಿ ತಲೆಯ ಮೇಲೆ ಹಿಡಿದು ನಿಂತಳು. ಪುಟ್ಟ ಡಬ್ಬಿ ಅಂಗೈಯಲ್ಲಿ ನಡುಗುತ್ತಿತ್ತು.

ಎಡಕ್ಕೆ ಒಂದು ಗಂಟೆ ಅಲುಗಿತು. ಆಮೇಲೆ ಕೆಳಗಿನ ಹಳ್ಳದಲ್ಲಿ ಇನ್ನೊಂದು. ಚೆಲ್ಲಿಹೋಗಿದ್ದ ಸದ್ದುಗಳೆಲ್ಲ ಒಂದೇ ಕಡೆಗೆ ಹರಿಯತೊಡಗಿದವು. ಪೊದೆಗಳು ಅಲುಗಿ ಸರಿದವು, ಬೂದುಬಣ್ಣದ ಬೆನ್ನುಗಳು ಕಂಡವು. ಕುರಿಗಳು ಅವಳನ್ನು ಸುತ್ತುವರಿದು, ಮೂಸಿ, ಬೇಲಿಯ ಬಾಗಿಲೊಳಕ್ಕೆ ಸಾಲಾಗಿ ಹೋದವು. ಅವಳು ಒಂದೊಂದನ್ನೂ ನೋಡಿದಳು. ಎಲ್ಲವೂ ಬರುತ್ತಿವೆ, ಮನುಷ್ಯನಿಲ್ಲ. ರಾಗ ಮುಗಿಯಿತು. ರೇಡಿಯೋದಲ್ಲಿ ಯಾರೋ ಕಡಲೆಕಾಯಿ ಬೆಲೆ ಹೇಳಲು ಶುರುಮಾಡಿದರು.

ಕೊನೆಯದಾಗಿ ದಪ್ಪ ಗಂಟೆಯ ಸದ್ದು. ದಪ್ಪ ಗಂಟೆ ಕಟ್ಟಿದ್ದದ್ದು ಕರಿಮೂತಿಗೆ, ಹಿಂಡಿನಲ್ಲೇ ಹಳೆಯ ಹೆಣ್ಣುಕುರಿ. ಅದು ನಿಧಾನ ಬರುತ್ತಿತ್ತು. ಅದರ ಕೊರಳಿನ ಹಗ್ಗದ ಇನ್ನೊಂದು ತುದಿ ದಾಸಣ್ಣನ ಮಣಿಕಟ್ಟಿನಲ್ಲಿತ್ತು.

ಜುಂಜಮ್ಮ ಬಂಡೆಯಿಂದ ಹೇಗೆ ಇಳಿದಳೋ ಅವಳಿಗೇ ತಿಳಿಯದು.

"ಯಾರು?" ಎಂದ ಅವನು, ಅವಳು ಕೈಯಳತೆಯಲ್ಲಿ ನಿಂತಿದ್ದಾಗ.

"ನಿಮ್ಮಪ್ಪ! ಯಾರು ಅಂತೆ. ಎಲ್ಲಿಗೆ ಹೋಗಿದ್ರಿ?"

"ನೀನಾ? ಬೈಗುಳ ಕೇಳಿದ್ಮ್ಯಾಲೆ ಗೊತ್ತಾಯ್ತು ಬುಡು." ಅವನು ನಗಲು ನೋಡಿದ, ಉಸಿರು ಸಾಲಲಿಲ್ಲ. ಹೆಗಲ ಚೀಲದೊಳಗೆ ಅವನ ರೇಡಿಯೋ ಇನ್ನೂ ಗೊರ್ರೆನ್ನುತ್ತಿತ್ತು. "ಹೊತ್ತಿಗೆ ಮುಂಚೇನೇ ಹಾಕಿ ನೋಡ್ದೆ, ಹಾಳಾದ್ದು ಕೆಟ್ಟೋಗಿತ್ತು ಕಣೇ. ತಿರುಗ್ಸಾನ ಅಂದ್ರೆ ನಿನ್ನ ಅರಗು. ಉಗುರೇ ಕಿತ್ತೋಯ್ತು. ರಾಗ ಇಲ್ದೆ ಕುರಿ ಬರಾಕಿಲ್ಲ, ಹಟ್ಟಿ ಕಡೆ ಹೋಗಿ ಯಾರ್ನಾದ್ರೂ ಕರ್ಕೊಂಡ್ ಬರಾನ ಅಂತ ಹೊಂಟಿದ್ದೆ. ಅಷ್ಟ್ರಲ್ಲಿ ನನ್ ಗಣೆ ಕೇಳ್ತು, ಹಿಂದ್ಗಡೆಯಿಂದ. ಕರಿಮೂತಿ ಗಕ್ಕನೆ ತಿರುಗಿ ಎಳ್ಕಂಡ್ ಬಂತು."

"ಹಟ್ಟಿ ಕಡೆ ಅಂದ್ರೆ ಯಾವ ಕಡೆ?"

"ಇದೋ, ಈ ಕಡೆ" ಎಂದು ಅವನು ಕೈ ತೋರಿಸಿದ.

ಆ ಕಡೆ ಹಟ್ಟಿಯಿರಲಿಲ್ಲ. ಆ ಕಡೆ ಕ್ವಾರಿಯಿತ್ತು.

ಜುಂಜಮ್ಮ ಅವನ ತೋಳು ಹಿಡಿದು ತನ್ನ ಕಡೆಗೆ ಎಳೆದುಕೊಂಡಳು. ಹಗ್ಗವನ್ನು ಅವನ ಮಣಿಕಟ್ಟಿನಿಂದ ಬಿಡಿಸಲು ಹೋದಳು, ಬೆರಳಿಗೆ ಗಂಟು ಸಿಗುತ್ತಿರಲಿಲ್ಲ. ಆಗ ದಿಬ್ಬದ ಬುಡದಲ್ಲಿ ಬೈಕಿನ ದೀಪ ಹೊತ್ತಿಕೊಂಡಿತು. ಜಯರಾಮು ಹೋಗಿರಲಿಲ್ಲ. ಬೆಳಕು ನೆಟ್ಟಗೆ ಮೇಲಕ್ಕೆ ಬಂದು ದಾಸಣ್ಣನ ಮುಖಕ್ಕೆ ಬಿತ್ತು. ಜುಂಜಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದಳು. ದಾಸಣ್ಣ ರೆಪ್ಪೆಯನ್ನೂ ಅಲುಗಿಸದೆ ಆ ಬೆಳಕಿನೊಳಗೆ ನಿಂತಿದ್ದ.

"ಪೂರಾ ಕತ್ಲಾಯ್ತಾ?" ಎಂದು ಕೇಳಿದ.

ಮಸುಕು ಹೊತ್ತಿನಲ್ಲಿ ಕಾಣದು ಎಂದಷ್ಟೇ ಅವಳು ತಿಳಿದಿದ್ದಳು. ಅವನು ಅವಳಿಗೂ ಅರ್ಧವೇ ಹೇಳಿದ್ದ. ಎಷ್ಟು ದಿನದಿಂದ ಹೀಗೆ? ರಾಗ ಕುರಿಗಳನ್ನು ತರುತ್ತದೆ ಎಂದುಕೊಂಡಿದ್ದಳು; ಕುರಿಗಳು ಇವನನ್ನು ತರುತ್ತಿದ್ದವು.

"ಆಯ್ತು" ಎಂದಳು. ಆಮೇಲೆ ಕೆಳಗೆ ತಿರುಗಿ, ಎದೆಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದಳು: "ಜಯರಾಮೂ! ಬಾರ್ಲಾ ಮ್ಯಾಲಕ್ಕೆ!"

ದಾಸಣ್ಣ ಅವಳ ಕೈ ಹಿಡಿದುಕೊಂಡ. "ಅವನ್ಯಾಕೆ ಬಂದ? ಅವನ್ನ ಕರೀಬ್ಯಾಡ. ಕಂಡ್ಕಂಡುಬುಡ್ತಾನೆ ಕಣೇ."

"ಕಂಡ್ಕಳ್ಲಿ. ಕಾಣೋನು ಒಬ್ಬ ಇರ್ಲಿ ನಮ್ ಜೊತೆಗೆ."

"ಭಾಷೆ ಕೊಟ್ಟಿದ್ದೆ."

"ಕೊಟ್ಟಿದ್ದೆ."

ಜಯರಾಮು ಏದುಸಿರು ಬಿಡುತ್ತ ಬಂದು, ದೊಡ್ಡಪ್ಪನ ಮಣಿಕಟ್ಟಿನ ಹಗ್ಗ ನೋಡಿದ, ಕುರಿಯ ಕೊರಳು ನೋಡಿದ. ಬಗ್ಗಿ ಗಂಟು ಬಿಚ್ಚಿದ. ದಾಸಣ್ಣ ಕೋಲನ್ನು ಎದೆಗೆ ಅವುಚಿಕೊಂಡು ಒಂದು ಹೆಜ್ಜೆ ಹಿಂದಕ್ಕೆ ಸರಿದ.

"ಕೋಲು ಕೇಳಬ್ಯಾಡ. ಗುಡಿ ಮುಂದೆ ಇಡೋ ದಿನ ನಾನೇ ಇಡ್ತೀನಿ."

"ನಾನೇನ್ ಕೇಳಿದ್ನಾ ದೊಡ್ಡಪ್ಪ? ನಂಗೆ ಈ ಜಾಲಿ ಕಡ್ಡಿ ಸಾಕು." ಜಯರಾಮು ಬೇಲಿಯಿಂದ ಒಂದು ಕಡ್ಡಿ ಮುರಿದುಕೊಂಡ. "ಇವತ್ತು ರೊಪ್ಪದಾಗೆ ನಾನಿರ್ತೀನಿ. ನೀವಿಬ್ರೂ ಕೆಳಗಿಳಿದು ಯಾವ್ದಾದ್ರೂ ಗಾಡಿ ಹಿಡ್ಕಂಡು ಹಟ್ಟಿಗೆ ಹೋಗಿ. ಬೆಳಗ್ಗೆ ಸಿರಾಕ್ಕೆ ಹೋಗಾನ, ಕಣ್ಣಾಸ್ಪತ್ರೆಗೆ. ಅದೇನಂತಾರೋ ಕೇಳಾನ."

ಅದೇನಂತಾರೋ. ಜುಂಜಮ್ಮನ ಬೆಳಗಿನ ಹೆದರಿಕೆ ಹೋಗಲಿಲ್ಲ. ಬೇರೆ ಕಡೆ ತಿರುಗಿತು ಅಷ್ಟೆ. ಪೊರೆ ತೆಗೆದರೆ ಕಂಡೀತೋ, ಹೊತ್ತು ಮೀರಿತು ಅನ್ನುತ್ತಾರೋ. ನಾಳೆ ಸಂಜೆ ಕೀಬೋರ್ಡಿನ ರಾಗಕ್ಕೆ ಕುರಿ ಬಂದಾವೋ, ಇಲ್ಲವೋ. ಹಟ್ಟಿಯವರು ಕೋಲಿನ ಮಾತು ಎತ್ತಿದರೆ ಈ ಮನುಷ್ಯ ಏನಾದಾನು?

ಇಳಿಜಾರಿಗೆ ಅವಳು ಮುಂದೆ ನಡೆದಳು. ಕೈ ಹಿಡಿಯಹೋದರೆ ದಾಸಣ್ಣ ಕೊಡವಿದ. ಅದಕ್ಕೇ ಅವಳು ಭುವನಾ ಕೊಟ್ಟ ರೇಡಿಯೋ ಆರಿಸಲಿಲ್ಲ, ಹಿಂದಕ್ಕೆ ಕೇಳುವಂತೆ ಬೆನ್ನ ಹಿಂದೆ ಹಿಡಿದುಕೊಂಡಳು. ಕಡಲೆಕಾಯಿ ಬೆಲೆ ಮುಗಿದು ಹುಣಸೆಹಣ್ಣಿನದು ಬಂದಿತ್ತು. ಕಲ್ಲು ಬಂದಲ್ಲಿ ಅವಳು ನಿಲ್ಲುತ್ತಿದ್ದಳು, ದನಿಯೂ ಮುಂದಕ್ಕೆ ಸಾಗದೆ ಇದ್ದಲ್ಲೇ ಉಳಿಯುತ್ತಿತ್ತು, ಅವನೂ ನಿಲ್ಲುತ್ತಿದ್ದ. ಮತ್ತೆ ದನಿ ಹೊರಟರೆ ಹಿಂದೆಯೇ ಅವನ ಕೋಲಿನ ಟಕ್ಕು ಟಕ್ಕು. ಅದು ತಪ್ಪದೆ ಬರುತ್ತಿದೆಯೇ ಎಂದು ಜುಂಜಮ್ಮ ಪ್ರತಿ ಹೆಜ್ಜೆಗೂ ಕಿವಿಗೊಡುತ್ತ ಇಳಿದಳು.